ಈ ಜರಿಗಿಡ ಯಾರ ಮನೆಯ ಮಗು?

ಬಾವಿಯ ಮುರಕಲ್ಲಿನ ಸಂದಿಯಲ್ಲಿ ಬೆಳೆಯುವ ಜರಿಗಿಡವನ್ನು ನೀವೆಲ್ಲ ನೋಡಿದ್ದೀರಿ. ಅದಕ್ಕೆ ಹೂವಿಲ್ಲ, ಕಾಯಿಲ್ಲ. ಎಲೆಯ ಅಡಿಯ ಕಂದು ಪುಡಿಯೇ ಅದರ ಬೀಜಾಣು. ಇಂಥ ಗಿಡ ಬೆರಕೆಯಾಗಿ ಹುಟ್ಟಿದರೆ ತಂದೆತಾಯಿ ಯಾರೆಂದು ತಿಳಿಯುವುದು ಹೇಗೆ?

ಅಮೆರಿಕದ ಫಿಲಡೆಲ್ಫಿಯ ಬಳಿ 1860ರ ದಶಕದಲ್ಲಿ ಸ್ಕಾಟ್ ಎಂಬವರಿಗೆ ಒಂದು ವಿಚಿತ್ರ ಜರಿಗಿಡ ಸಿಕ್ಕಿತು. ಅಸ್ಪ್ಲೀನಿಯಂ ಎಬೆನಾಯ್ಡಿಸ್ ಎಂದು ಅದರ ಹೆಸರು. ಆ ಸೀಮೆಯಲ್ಲಿ ಇನ್ನೆರಡು ಜರಿಗಿಡಗಳಿವೆ. ಒಂದರ ಎಲೆಗೆ ಸೀಳಿಲ್ಲ. ತುದಿ ಬಾಲದಂತೆ ಸಪೂರ, ನೆಲಕ್ಕೆ ತಾಗಿದಲ್ಲಿ ಬೇರು ಬಿಡುತ್ತದೆ. ಇನ್ನೊಂದಕ್ಕೆ ಹೊಳೆಯುವ ಕಪ್ಪು ದಂಟು, ಇಕ್ಕೆಲದಲ್ಲೂ ಸಣ್ಣ ಎಲೆಗಳ ಸಾಲು. ಹೊಸ ಗಿಡಕ್ಕೋ ಬುಡದಲ್ಲಿ ಕಪ್ಪು ದಂಟು, ತುದಿಯಲ್ಲಿ ಬಾಲ, ನಡುವೆ ಅಡ್ಡಾದಿಡ್ಡಿ ಸೀಳು. ಇದು ಆ ಎರಡರ ಬೆರಕೆ ಎಂದು ಬರ್ಕ್ಲಿ ಎಂಬ ಆಂಗ್ಲ ವಿದ್ವಾಂಸರು 1866ರಲ್ಲೇ ಊಹಿಸಿದರು.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಮುಖ ಪರಿಚಯವಿದೆ ಎಂದು ಹಣ ಕೊಡುವ ಹಾಗಿಲ್ಲ, ದಾಖಲೆ ಬೇಕು. ಆ ದಾಖಲೆಯನ್ನು 1902ರಲ್ಲಿ ಒದಗಿಸಿದವರು ಮಾರ್ಗರೆಟ್ ಸ್ಲಾಸನ್ ಎಂಬ ಮಹಿಳೆ. ಅವರು ಎರಡೂ ಗಿಡಗಳ ಬೀಜಾಣು ಬಿತ್ತಿದರು. ಬೀಜಾಣುವಿನಿಂದ ಮೊದಲು ಬರುವುದು ಉಗುರಿಗಿಂತ ಚಿಕ್ಕದಾದ ಹಸಿರು ಬಿಲ್ಲೆ. ಗಂಡು, ಹೆಣ್ಣು ಅಂಗಗಳಿರುವುದು ಅದರಲ್ಲೇ. ಗಂಡುಕಣವು ನೀರಿನ ಪಸೆಯಲ್ಲಿ ಈಜಿ ಹೆಣ್ಣನ್ನು ಸೇರಬೇಕು. ಎರಡು ಜಾತಿಯ ಬಿಲ್ಲೆಗಳನ್ನು ಜೊತೆಗಿಟ್ಟಾಗ ಹುಟ್ಟಿದ್ದು ಸ್ಕಾಟ್ ಕಂಡ ಅದೇ ಗಿಡ! ಅಲ್ಲಿಗೆ ಲೆಕ್ಕ ತಾಳೆಯಾಯಿತು.

ಆಮೇಲಿನವರು ಸೂಕ್ಷ್ಮದರ್ಶಕದಲ್ಲಿ ವರ್ಣತಂತುಗಳನ್ನು ಎಣಿಸಿದರು. ಎರಡೂ ಕಡೆಯಿಂದ 36ರಂತೆ ಬಂದು ಬೆರಕೆ ಗಿಡದಲ್ಲಿ 72 ಆಗುತ್ತವೆ. ಆದರೆ ಇವಕ್ಕೆ ಅವು ಜೋಡಿಯಾಗುವುದಿಲ್ಲ. ಹಾಗಾಗಿ ಬೀಜಾಣುವೆಲ್ಲ ಜೊಳ್ಳು. ಆದರೆ ಅಲಬಾಮಾ ಸೀಮೆಯ ಹವಾನಾ ಕಣಿವೆಯಲ್ಲಿ ಇದೇ ಗಿಡದ ವರ್ಣತಂತುಗಳು ಇಮ್ಮಡಿಯಾಗಿ 144 ಆಗಿವೆ. ಅಲ್ಲಿ ಪ್ರತಿಯೊಂದಕ್ಕೂ ಜೋಡಿಯಿದೆ, ಬೀಜಾಣು ಮೊಳೆಯುತ್ತದೆ, ಸಂತಾನ ಮುಂದುವರಿಯುತ್ತದೆ.

ಇಂದು ಡಿಎನ್‌ಎ ಪರೀಕ್ಷೆಯೂ ಇದೆ. ಜರಿಗಿಡಗಳಲ್ಲಿ ಎಲೆಹಸಿರಿನ ಕಣದ ಡಿಎನ್‌ಎ ಸಾಮಾನ್ಯವಾಗಿ ತಾಯಿಯಿಂದಲೇ ಬರುವುದರಿಂದ ಇಬ್ಬರಲ್ಲಿ ತಾಯಿ ಯಾರೆಂಬುದೂ ತಿಳಿಯುತ್ತದೆ.

ನನ್ನ ಮೊಮ್ಮಗಳಿಗೆ ಮನೆಯೊಳಗೆ ಕನ್ನಡ, ಅಂಗಳಕ್ಕೆ ಇಳಿದರೆ ಮಲಯಾಳ. ಮೊನ್ನೆ, “ಅಜ್ಜಾ, ನಾನು ಯಾವ ಕಡೆಯವಳು?” ಎಂದು ಕೇಳಿದಳು. ನಾನು ಈ ಗಿಡದ ಕಥೆ ಹೇಳಿದೆ. ಎರಡೂ ಕಡೆಯದು ಅರ್ಧರ್ಧ ಇದ್ದಾಗ ಜೊಳ್ಳು. ಎರಡೂ ಪೂರ್ತಿ ಇದ್ದಾಗ ಬೆಳೆ. ಗಡಿಯ ಮಕ್ಕಳಿಗೆ ಎರಡು ನುಡಿಯನ್ನೂ ಓದಲು, ಬರೆಯಲು ಪೂರ್ತಿಯಾಗಿ ಕಲಿಸೋಣ.