ಹೊಕ್ಕುಳಬಳ್ಳಿಯ ಸಾಕ್ಷ್ಯ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕೂಸು ಹುಟ್ಟಿದೊಡನೆ ಅದರ ಅಳುವಿಗಾಗಿ ನಾವೆಲ್ಲರೂ ಕಿವಿಗೊಟ್ಟು ಕಾಯುತ್ತೇವೆ. ಅಳು ತಡವಾದರೆ ಮನೆಮಂದಿಯ ಎದೆ ನಡುಗುತ್ತದೆ. ಮುಂದೆ ಆ ಮಗುವಿಗೆ ಕುತ್ತಿಗೆ ನಿಲ್ಲುವುದು, ನಡಿಗೆ ಬರುವುದು ನಿಧಾನವಾಯಿತೆಂದರೆ, 'ಗ್ರಹಣ ನೋಡಿದಳು, ಪಥ್ಯ ಮಾಡಲಿಲ್ಲ' ಎಂಬ ದೂರು ತಾಯಿಯ ಮೇಲೆಯೇ ಬೀಳುತ್ತದೆ. ಆ ಗಳಿಗೆಯಲ್ಲಿ ಕೂಸಿಗೆ ಏನಾಯಿತೆಂಬುದಕ್ಕೆ ಸಾಕ್ಷಿ ಉಂಟೇ? ಉಂಟು. ನಾವು ಕತ್ತರಿಸಿ ಬಿಸುಡುವ ಹೊಕ್ಕುಳಬಳ್ಳಿಯೇ ಆ ಸಾಕ್ಷಿ.

ಈ ಬಳ್ಳಿಯೊಳಗೆ ಸಾಮಾನ್ಯವಾಗಿ ಮೂರು ರಕ್ತನಾಳಗಳಿರುತ್ತವೆ. ಒಂದು ಅಭಿಧಮನಿಯು ಮಾಸಿನಿಂದ ಪ್ರಾಣವಾಯುವುಳ್ಳ ರಕ್ತವನ್ನು ಕೂಸಿಗೆ ಒಯ್ಯುತ್ತದೆ. ಎರಡು ಅಪಧಮನಿಗಳು ಕೂಸು ಬಳಸಿದ ರಕ್ತವನ್ನು ಮಾಸಿಗೆ ಮರಳಿಸುತ್ತವೆ. ಆದುದರಿಂದ ಕೂಸಿನ ಸ್ಥಿತಿಯನ್ನು ಚೆನ್ನಾಗಿ ಅರುಹುವುದು ಅಪಧಮನಿಯ ರಕ್ತವೇ. ಹೆರಿಗೆಯ ವೇಳೆ ಪ್ರಾಣವಾಯು ಸಾಲದಾದರೆ ಶರೀರದಲ್ಲಿ ಲ್ಯಾಕ್ಟಿಕ್ ಆಮ್ಲವು ಸೇರಿಕೊಂಡು ರಕ್ತದ ಪಿಎಚ್ ಅಂಕ ಇಳಿಯುತ್ತದೆ. ಸರಾಸರಿಯಲ್ಲಿ ಅದು 7.2ರಿಂದ 7.3ರ ನಡುವೆ ಇರುತ್ತದೆ. 7.0ಕ್ಕಿಂತ ಕೆಳಗಿಳಿದು, ಕ್ಷಾರದ ಕೊರತೆಯೂ ಲೀಟರಿಗೆ 12 ಮಿಲಿಮೋಲ್ ಮುಟ್ಟಿದರೆ ವೈದ್ಯರು ಅದನ್ನು ಗಂಭೀರವೆಂದೆಣಿಸುತ್ತಾರೆ.

ನ್ಯೂಯಾರ್ಕಿನ ಅರಿವಳಿಕೆ ವೈದ್ಯೆ ವರ್ಜೀನಿಯಾ ಅಪ್ಗರ್ ಅವರು 1952ರಲ್ಲಿ ಶಿಶುವಿನ ನಾಡಿ, ಉಸಿರು, ಬಣ್ಣ ಮೊದಲಾದ ಐದು ಲಕ್ಷಣಗಳನ್ನು ನೋಡಿ ಅಂಕವಿಡುವ ಕ್ರಮವನ್ನು ರೂಪಿಸಿದರು. ಕಣ್ಣಿಗೆ ಕಂಡುದನ್ನು ರಕ್ತದಿಂದಲೂ ತಾಳೆನೋಡಬೇಕೆಂದು ಸ್ಟ್ಯಾನ್ಲಿ ಜೇಮ್ಸ್ ಅವರು ಅಪ್ಗರ್ ಮೊದಲಾದವರೊಡನೆ ನಡೆಸಿದ ಬಳ್ಳಿರಕ್ತದ ಅಧ್ಯಯನವು 1958ರಲ್ಲಿ ಪ್ರಕಟವಾಯಿತು.

ಈ ಪರೀಕ್ಷೆಯಿಂದ ಕೂಸಿಗೆ ನೋವಿಲ್ಲ. ಬಳ್ಳಿಯ ತುಂಡೊಂದನ್ನು ಎರಡು ತುದಿಗಳಲ್ಲಿಯೂ ಬಿಗಿದಿರಿಸಿದರೆ ಅದರೊಳಗಿನ ರಕ್ತವು ಸುಮಾರು ಒಂದು ಗಂಟೆಯವರೆಗೆ ಪರೀಕ್ಷೆಗೆ ಯೋಗ್ಯವಾಗಿರುತ್ತದೆ. ಉಸಿರಾಡದ ಕೂಸಿಗಾದರೋ ಮೊದಲ ನಿಮಿಷದೊಳಗೆ ಉಸಿರು ಕೊಡಬೇಕು. ಬಳ್ಳಿ ಕಾಯಬಲ್ಲುದು, ಕೂಸು ಕಾಯಲಾರದು. ಈ ಕ್ರಮವನ್ನು ಯಾರೂ ತಲೆಕೆಳಗು ಮಾಡಬಾರದು.

ಸಾಕ್ಷ್ಯವೆಂದರೆ ತೀರ್ಪಲ್ಲ. ಅಂಕ ಇಳಿದ ಎಷ್ಟೋ ಮಕ್ಕಳು ಸುಖವಾಗಿ ಬೆಳೆಯುತ್ತಾರೆ. ಅಂಕ ಸರಿಯಿದ್ದೂ ಬೇರೆ ಕಾರಣದಿಂದ ತೊಡಕಾದ ಮಕ್ಕಳೂ ಉಂಟು. ಕೊರತೆ ಏಕೆ ಬಂತೆಂಬುದನ್ನೂ ಈ ಅಂಕವೊಂದೇ ಹೇಳದು. ಯಾವ ಕೂಸನ್ನು ಮೊದಲ ಗಂಟೆಗಳಲ್ಲಿ ಕಣ್ಣಿಟ್ಟು ಕಾಯಬೇಕು, ಯಾವುದನ್ನು ಮುಂದೆಯೂ ತೋರಿಸುತ್ತಿರಬೇಕು ಎಂಬುದಕ್ಕೆ ಅದು ದಾರಿ ತೋರುತ್ತದೆ.

ಗಡಿನಾಡಿನಲ್ಲಿರುವ ನಮಗೆ ಆಸ್ಪತ್ರೆಯ ಚೀಟಿ ಹಲವು ವೇಳೆ ನಮ್ಮದಲ್ಲದ ನುಡಿಯಲ್ಲಿ ಬರುತ್ತದೆ. ತಿಳಿಯಲಿಲ್ಲವೆಂದು ಅದನ್ನು ಮಡಿಸಿಡದಿರೋಣ. ಪರೀಕ್ಷೆ ಆಯಿತೇ, ಅಂಕವೇನು ಎಂದು ಕೇಳೋಣ. ಓದಬಲ್ಲವರಿಂದ ಓದಿಸಿ ಜನನಪತ್ರದೊಡನೆ ಜೋಪಾನ ಮಾಡೋಣ. ನಮ್ಮ ಶಾಲೆಯಲ್ಲಿ ಓದು ಕಲಿತ ಮಕ್ಕಳು ನೆರೆಮನೆಯ ಬಾಣಂತಿಗೆ ಇಷ್ಟು ನೆರವಾದರೆ, ಆ ತಾಯಿಯ ತಲೆಯಿಂದ ಸಲ್ಲದ ದೂರಿನ ಹೊರೆ ಇಳಿದೀತು. ಅಕ್ಷರಕ್ಕೆ ಇದಕ್ಕಿಂತ ಮಿಗಿಲಾದ ಸಾರ್ಥಕ್ಯವನ್ನು ನಾವು ಕಾಣೆವು.