ಕೂಸು ನೋಡುವ ಕಾಯಕ

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಆಡಿದ ಮಾತುಗಳು)

 

ನನ್ನ ಪರಿಚಯ ಮಾಡಿಕೊಟ್ಟ ಹಿರಿಯರು ಒಂದು ಕಡೆ ತಡವರಿಸಿದರು, ತಾವೂ ಗಮನಿಸಿರಬಹುದು. ಹೆಸರು ಹೇಳಿದರು, ಮನೆತನ ಹೇಳಿದರು, ಬಿ.ಕಾಂ. ಓದಿದ್ದಾರೆ ಎಂದರು. "ಸದ್ಯ..." ಎಂದು ನಿಂತುಬಿಟ್ಟರು. ಅವರ ತಪ್ಪಿಲ್ಲ. ಆ "ಸದ್ಯ"ದ ಮುಂದೆ ಹೇಳುವುದಕ್ಕೆ ನಮ್ಮ ಭಾಷೆಯಲ್ಲಿ ಗಂಡಸಿಗೆ ಒಂದು ಪದವಿಲ್ಲ. ಹೆಣ್ಣುಮಗಳಾಗಿದ್ದರೆ "ಗೃಹಿಣಿ" ಎಂದು ಹೇಳಿ ಮುಂದೆ ಹೋಗುತ್ತಿದ್ದರು. ಸದ್ಯ ನಾನು 11 ತಿಂಗಳ ಮಗಳನ್ನು ನೋಡಿಕೊಂಡು ಮನೆಯಲ್ಲಿದ್ದೇನೆ. ನನ್ನ ಮನೆಯಾಕೆ ಬ್ಯಾಂಕಿನಲ್ಲಿ ಅಧಿಕಾರಿ. ಅವರಿಗೆ ಬೆಳ್ತಂಗಡಿಗೆ ವರ್ಗವಾಯಿತು. ನಾನು ಹುಬ್ಬಳ್ಳಿಯಲ್ಲಿ ಲೆಕ್ಕ ಬರೆಯುವ ಕೆಲಸ ಬಿಟ್ಟು ಜೊತೆಗೆ ಹೋದೆ. ಹೆರಿಗೆ ರಜೆ 26 ವಾರ. ಅದು ಮುಗಿದದ್ದು ಜೂನ್‌ನಲ್ಲಿ, ಮಳೆ ಹಿಡಿದ ಹೊತ್ತಿಗೆ. ನಮ್ಮವ್ವಗೆ ಮೊಣಕಾಲು ಬೇನೆ, ಅತ್ತೆಯವರಿಗೆ ಮನೆಯಲ್ಲಿ ನಾಲ್ಕು ಎಮ್ಮೆ. ಇಬ್ಬರ ಸಂಬಳವನ್ನೂ ಮುಂದಿಟ್ಟುಕೊಂಡು ನೋಡಿದೆವು, ನನ್ನದು ಅರ್ಧಕ್ಕಿಂತ ಕಡಿಮೆ. ಇದರಲ್ಲಿ ತ್ಯಾಗವೇನೂ ಇಲ್ಲ, ಕೂಡಿಸಿ ಕಳೆಯುವ ಲೆಕ್ಕ ಅಷ್ಟೇ.

ಘಟ್ಟದ ಮೇಲಿನ ನಮ್ಮ ಮಂದಿಗೆ ಆ ಸೀಮೆಯ ಮಳೆ ಹೇಳಿದರೆ ತಿಳಿಯುವುದು ಕಷ್ಟ. ಬೆಳ್ತಂಗಡಿ ಚಾರ್ಮಾಡಿ ಘಾಟಿಯ ಬುಡದಲ್ಲಿದೆ. ಜೂನ್, ಜುಲೈ ಎಂದರೆ ಬಟ್ಟೆ ಒಣಗುವ ಮಾತೇ ಇಲ್ಲ. ಕೂಸಿಗೆ ದಿನಕ್ಕೆ ಹದಿನೈದು ಲಂಗೋಟಿ. ಬಚ್ಚಲ ಹಂಡೆಯ ಒಲೆಯ ಮೇಲೆ ಅಡ್ಡಕ್ಕೆ ಹಗ್ಗ ಕಟ್ಟಿ ಒಣಗಿಸಬೇಕು. ಅದಕ್ಕೆ ಹೊಗೆ ವಾಸನೆ ಹತ್ತುತ್ತದೆ, ಕೂಸಿಗೂ ಹತ್ತುತ್ತದೆ. ಡೈಪರ್ ಇಲ್ಲವೇ ಎಂದು ಕೇಳಬಹುದು. ರಾತ್ರಿಗೆ ಇದೆ. ಹಗಲೂ ಹಾಕಿದರೆ ಆ ಸೆಕೆಗೆ ತೊಡೆಸಂದಿ ಕೆಂಪಾಗುತ್ತದೆ.

ಬೆಳಿಗ್ಗೆ ಮನೆಯಾಕೆ ಹಾಲು ಹಿಂಡಿಟ್ಟು ಒಂಬತ್ತಕ್ಕೆ ಹೊರಡುತ್ತಾರೆ. ಕರಾವಳಿಯ ಸೆಕೆಗೆ ಆ ಹಾಲನ್ನು ಹೊರಗೆ ಇಡುವಂತಿಲ್ಲ, ಫ್ರಿಜ್‌ನಲ್ಲಿಡಬೇಕು. ಕುಡಿಸುವಾಗ ಒಲೆಯ ಮೇಲೆ ಕಾಯಿಸಬಾರದು, ಬಟ್ಟಲನ್ನು ಬಿಸಿನೀರಿನಲ್ಲಿ ಇಟ್ಟು ಬೆಚ್ಚಗೆ ಮಾಡಬೇಕು. ಬಾಟಲಿ ಬೇಡವೆಂದು ನಾನು ಒಳಲೆಯಲ್ಲಿ ಕುಡಿಸುತ್ತೇನೆ. ಹನ್ನೊಂದಕ್ಕೆ ರಾಗಿ. ನಾವು ಸರಿ ಎನ್ನುತ್ತೇವೆ, ಅಲ್ಲಿಯವರು ಮಣ್ಣಿ ಎನ್ನುತ್ತಾರೆ. ನಾವು ಮೊಳಕೆ ಬರಿಸಿ ಒಣಗಿಸಿ ಹಿಟ್ಟು ಬೀಸಿಸುತ್ತೇವೆ. ಅವರು ನೆನೆಸಿ ಅರೆದು ಬಟ್ಟೆಯಲ್ಲಿ ಸೋಸಿ ಆ ಹಾಲನ್ನೇ ಬೇಯಿಸುತ್ತಾರೆ. ಮೊಳಕೆ ರಾಗಿ ಒಣಗುವುದಕ್ಕೆ ಬಿಸಿಲೇ ಇಲ್ಲದ ಊರಿನಲ್ಲಿ ಅವರದ್ದೇ ಸರಿಯಾದ ದಾರಿ ಎಂದು ಒಂದು ವಾರದಲ್ಲಿ ತಿಳಿಯಿತು. ಮಧ್ಯಾಹ್ನ ಕುಚ್ಚಲಕ್ಕಿ ಗಂಜಿ. ಆಮೇಲೆ ನಿದ್ದೆ. ಕೂಸು ಮಲಗಿದಾಗ ನೀನೂ ಮಲಗು ಎಂದು ಎಲ್ಲರೂ ಹೇಳುತ್ತಾರೆ. ಪಾತ್ರೆ ತೊಳೆಯುವವರು ಯಾರು ಎಂಬುದನ್ನು ಅವರು ಹೇಳುವುದಿಲ್ಲ.

ಜೋಗುಳ ನನಗೆ ಒಂದೂ ಬಾರದು. ನಮ್ಮ ಮನೆಯಲ್ಲಿ ತಂಗಿಯರಿಗೆ ಕಲಿಸಿದರು, ನನಗೆ ಕಲಿಸಲಿಲ್ಲ. ಅದಕ್ಕೆ ಬಸ್ಸಿನ ಕಂಡಕ್ಟರ್ ಕೂಗುವುದನ್ನೇ ರಾಗ ಮಾಡಿಕೊಂಡೆ: ಬಿ.ಸಿ. ರೋಡ್, ಬಂಟ್ವಾಳ, ಮಣಿಹಳ್ಳ, ವಗ್ಗ, ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ, ಬೆಳ್ತಂಗಡಿ. ಅಷ್ಟರಲ್ಲಿ ಮಲಗದಿದ್ದರೆ ವೇಣೂರಿನ ಮೇಲೆ ಮೂಡುಬಿದಿರೆಗೆ ಒಯ್ಯುತ್ತೇನೆ. ಮೂಡುಬಿದಿರೆಯ ತನಕ ಎಚ್ಚರ ಉಳಿದದ್ದು ಎರಡೋ ಮೂರೋ ಸಲ.

ಇದೆಲ್ಲ ನಗುವುದಕ್ಕೆ ಚೆಂದ. ಹೇಳಬೇಕೆಂದು ಬಂದದ್ದು ಬೇರೆ ಇದೆ.

ನಮ್ಮ ಪಕ್ಕದ ಮನೆಯಲ್ಲಿ ಬೀಡಿ ಕಟ್ಟುವ ಒಬ್ಬ ತಾಯಿ ಇದ್ದಾರೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರೂ ಕಡೆ ಬೀಡಿ ಕಟ್ಟದ ಕೇರಿ ಹುಡುಕುವುದು ಕಷ್ಟ. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತರುತ್ತಾರೆ. ಕಟ್ಟಿ ಒಯ್ದು ಕೊಡುತ್ತಾರೆ. ಸಾವಿರಕ್ಕೆ ಇಷ್ಟು ಎಂದು ಕೂಲಿ. ಗಂಡ ದುಬೈಯಲ್ಲಿ. ತೊಡೆಯ ಮೇಲೆ ತಡ್ಪೆ, ತಡ್ಪೆಯಲ್ಲಿ ಎಲೆ, ತೊಟ್ಟಿಲಿನ ಹಗ್ಗ ಕಾಲಿನ ಹೆಬ್ಬೆರಳಿಗೆ. ಕೈ ನಿಲ್ಲುವುದಿಲ್ಲ, ಕಾಲೂ ನಿಲ್ಲುವುದಿಲ್ಲ. ಅವರ ಕೂಸು ನನ್ನ ಮಗಳಿಗಿಂತ ಇಪ್ಪತ್ತು ದಿನ ದೊಡ್ಡದು. ಹೊಗೆಸೊಪ್ಪಿನ ದೂಳು ಕೂಸಿಗೆ ಒಳ್ಳೆಯದಲ್ಲವೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ತೊಟ್ಟಿಲನ್ನು ದೂರ ಕಟ್ಟಿದರೆ ಹಗ್ಗ ನಿಲುಕುವುದಿಲ್ಲ. 50 ಜನ ದುಡಿಯುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ ಹೇಳಿತು. ಜಗಲಿಯಲ್ಲಿ ಕುಳಿತು ಒಬ್ಬರೇ ದುಡಿಯುವವರಿಗೆ ಅದರಿಂದ ಏನು?

ಆರು ತಿಂಗಳಿನಿಂದ ಆ ಓಣಿಯ ಜನ ನನ್ನನ್ನು ಹೊಗಳುತ್ತಿದ್ದಾರೆ. "ಎಂಥ ಒಳ್ಳೆಯ ಗಂಡ ಮಾರಾಯ್ರೆ, ಹೆಂಡತಿಗೆ ಎಷ್ಟು ಹೆಲ್ಪ್ ಮಾಡ್ತಾರೆ!" ಅದೇ ಜನ ಆ ತಾಯಿಯನ್ನು ಹೊಗಳಿದ್ದನ್ನು ನಾನು ಒಂದು ದಿನವೂ ಕೇಳಿಲ್ಲ. ನನ್ನ ಕೆಲಸದ ಮೇಲೆ ಬೀಡಿಯನ್ನೂ ಕಟ್ಟುವವರು ಅವರು. ಗಂಡಸು ಕೂಸನ್ನು ಎತ್ತಿಕೊಂಡರೆ ಗುಣ, ಹೆಂಗಸು ಎತ್ತಿಕೊಂಡರೆ ಸ್ವಭಾವ. ಸ್ವಭಾವಕ್ಕೆ ಯಾರಾದರೂ ಕೂಲಿ ಕೊಡುತ್ತಾರೆಯೇ? ಹೊಳೆ ಹರಿಯಿತೆಂದು ಯಾರಾದರೂ ಬೆನ್ನು ತಟ್ಟುತ್ತಾರೆಯೇ?

ಇದು ಸ್ವಭಾವವಲ್ಲ, ಕಲಿತ ಕೆಲಸ ಎಂಬುದು ನನ್ನ ಮಾತು. ಆರು ತಿಂಗಳು ಮಾಡಿ ಕಂಡುಕೊಂಡದ್ದು. ಹಸಿವಿನ ಅಳು ಬೇರೆ, ನಿದ್ದೆಯ ಅಳು ಬೇರೆ, ಹೊಟ್ಟೆ ಉಬ್ಬರದ ಅಳು ಬೇರೆ. ಇದು ಮೊದಲ ವಾರ ನನಗೆ ತಿಳಿಯಲಿಲ್ಲ. ಹೆತ್ತ ಮೊದಲ ವಾರ ನನ್ನ ಮನೆಯಾಕೆಗೂ ತಿಳಿದಿರಲಿಲ್ಲ. ಮೂರನೆಯ ವಾರಕ್ಕೆ ನನಗೆ ತಿಳಿಯಿತು. ಫಿಲಿಪ್ಪೀನ್ಸ್ ದೇಶದ ಸೆಬು ಎಂಬಲ್ಲಿ 600ಕ್ಕೂ ಹೆಚ್ಚು ಗಂಡಸರ ಜೊಲ್ಲನ್ನು ಪರೀಕ್ಷಿಸಿ 2011ರಲ್ಲಿ ಒಂದು ಅಧ್ಯಯನ ಬಂತು. ತಂದೆಯಾದವರಲ್ಲಿ ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನು ಇಳಿದಿತ್ತು. ದಿನಕ್ಕೆ ಮೂರು ಗಂಟೆ, ಅದಕ್ಕೂ ಹೆಚ್ಚು ಕೂಸನ್ನು ನೋಡಿಕೊಳ್ಳುವವರಲ್ಲಿ ಇನ್ನೂ ಕಡಿಮೆ ಇತ್ತು. ಗಂಡಸಿನ ಮೈಯೂ ಕೂಸಿಗೆ ಹೊಂದಿಕೊಳ್ಳುತ್ತದೆ. ಮೈ ಒಪ್ಪುತ್ತದೆ, ಒಪ್ಪದಿರುವುದು ಮರ್ಯಾದೆ.

ತುಳುನಾಡಿಗೆ ಹೋಗುವಾಗ ನನಗೆ ಒಂದು ಆಸೆಯಿತ್ತು. ಅಲ್ಲಿ ಬಂಟರು, ಬಿಲ್ಲವರು, ಜೈನರು ಮೊದಲಾದವರಲ್ಲಿ ಅಳಿಯಸಂತಾನ ನಡೆಯುತ್ತಿತ್ತು. ಮಕ್ಕಳು ತಾಯಿಯ ಮನೆಗೆ ಸೇರಿದವರು, ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತಿತ್ತು. ಅಂಥ ಸೀಮೆಯಲ್ಲಿ ಕೂಸನ್ನು ಎತ್ತಿಕೊಂಡ ಗಂಡಸು ಬೆರಗಿನ ವಸ್ತು ಆಗಲಾರ ಎಂದುಕೊಂಡಿದ್ದೆ. ಆದರೆ ಅಲ್ಲಿಯೂ ಯಜಮಾನಿಕೆ ಮಾಡಿದವನು ತಾಯಿಯ ಅಣ್ಣ ಅಥವಾ ತಮ್ಮ. ತೊಟ್ಟಿಲು ತೂಗಿದವಳು ತಾಯಿ. ಹೊಲ ಯಾರ ಹೆಸರಿಗಿದ್ದರೂ ಲಂಗೋಟಿ ಒಗೆಯುವವರು ಬದಲಾಗಲಿಲ್ಲ.

ಸರ್ಕಾರದ ಕಾಗದದಲ್ಲೂ ಇದೇ ಕಥೆ. ಲಸಿಕೆ ಹಾಕಿಸಲು ಹೋಗುವಾಗ ಒಯ್ಯುವ ಪುಸ್ತಕದ ಹೆಸರೇ ತಾಯಿ ಕಾರ್ಡ್. ಒಂಬತ್ತು ತಿಂಗಳ ದಡಾರದ ಸೂಜಿಗೆ ಒಯ್ದಾಗ "ತಾಯಿ ಬರಲಿಲ್ವಾ?" ಎಂದು ಕೇಳಿದರು. ಇಲ್ಲ, ಕಾರ್ಡ್ ಬಂದಿದೆ ಎಂದೆ. ಪಾಪ, ಅವರೂ ನಕ್ಕರು. ರಜೆಯ ನಿಯಮ ಮಾತ್ರ ನಗುವಂಥದ್ದಲ್ಲ. ಕೇಂದ್ರ ಸರ್ಕಾರದ ನೌಕರನಿಗೆ ಹೆಂಡತಿ ಹೆತ್ತರೆ 15 ದಿನ ಪಿತೃತ್ವ ರಜೆ. ಮಹಿಳಾ ನೌಕರರಿಗೆ ಮಕ್ಕಳನ್ನು ನೋಡಿಕೊಳ್ಳಲು ಸೇವಾವಧಿಯಲ್ಲಿ 730 ದಿನ. ಆ 730 ದಿನದ ರಜೆ 2018ರಿಂದ ಗಂಡಸಿಗೂ ಸಿಗುತ್ತದೆ, ಆದರೆ ಅವನು ಒಂಟಿ ತಂದೆಯಾಗಿದ್ದರೆ ಮಾತ್ರ. ನಮ್ಮ ರಾಜ್ಯ 2021ರಲ್ಲಿ ಮಹಿಳಾ ನೌಕರರಿಗೆ 180 ದಿನದ ಶಿಶುಪಾಲನಾ ರಜೆ ಕೊಟ್ಟಿತು. ಎರಡು ವರ್ಷದ ಮೇಲೆ ಅದನ್ನು ಗಂಡಸಿಗೂ ವಿಸ್ತರಿಸಿತು, ಅದೂ ಒಂಟಿ ತಂದೆಗೆ. ಎಂದರೆ ತಾಯಿ ಇಲ್ಲವಾದಾಗ ಮಾತ್ರ ತಂದೆ ಕೂಸಿಗೆ ಬೇಕು. ಖಾಸಗಿಯಲ್ಲಿ ದುಡಿಯುವ ತಂದೆಗೆ ಒಂದು ದಿನವನ್ನೂ ಕಾಯ್ದೆ ಕೊಡುವುದಿಲ್ಲ. ಸ್ವೀಡನ್ನಿನಲ್ಲಿ 1974ರಲ್ಲೇ ತಾಯಿಯ ರಜೆಯನ್ನು ತಂದೆ ತಾಯಿ ಇಬ್ಬರ ರಜೆ ಮಾಡಿದರು. ಆದರೂ ಗಂಡಸರು ತೆಗೆದುಕೊಳ್ಳಲಿಲ್ಲ. 1995ರಲ್ಲಿ ಒಂದು ತಿಂಗಳನ್ನು ತಂದೆಗೆಂದೇ ಮೀಸಲಿಟ್ಟು, ಅವನು ತೆಗೆದುಕೊಳ್ಳದಿದ್ದರೆ ಅದು ಹೋಯಿತೆಂದು ನಿಯಮ ಮಾಡಿದ ಮೇಲೆ ತೆಗೆದುಕೊಳ್ಳತೊಡಗಿದರು.

2019ರಲ್ಲಿ ಕೇಂದ್ರ ಸರ್ಕಾರ ದೇಶದಲ್ಲಿ ಯಾರ ದಿನ ಹೇಗೆ ಕಳೆಯುತ್ತದೆಂದು ಸಮೀಕ್ಷೆ ಮಾಡಿಸಿತು. ಕೂಲಿಯಿಲ್ಲದ ಮನೆಗೆಲಸಕ್ಕೆ ಕೈ ಹಾಕುವ ಹೆಂಗಸರು 100ಕ್ಕೆ 81, ಗಂಡಸರು 26. ಕೈ ಹಾಕಿದವರಲ್ಲೂ ಹೆಂಗಸರ ದಿನದ ಸರಾಸರಿ 299 ನಿಮಿಷ, ಗಂಡಸರದು 97. ನಾವು ಕಾಯಕ ಎಂದಾಗ ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಎಂದು ಎಣಿಸುತ್ತೇವೆ. ನೂಲುವ ಕದಿರ ರೆಮ್ಮವ್ವೆಯನ್ನೂ ಭತ್ತ ಕುಟ್ಟುವ ಕೊಟ್ಟಣದ ಸೋಮಮ್ಮನನ್ನೂ ನೆನೆಯುತ್ತೇವೆ. ನಾವು ಎಣಿಸುವ ಈ ಪಟ್ಟಿಗೆ 299 ನಿಮಿಷದ ಈ ದುಡಿಮೆ ಬರುವುದಿಲ್ಲ. ಅಳತೆ ಇಲ್ಲದ್ದು, ಕೂಲಿ ಇಲ್ಲದ್ದು ಕಾಯಕವಲ್ಲವೆಂದು ನಾವು ಯಾವಾಗ ತೀರ್ಮಾನ ಮಾಡಿದೆವು?

ಈಗ ನಮ್ಮ ತಂದೆಯವರ ಮಾತು. ಅವರು ಇಲ್ಲೇ ಮೂರನೇ ಸಾಲಿನಲ್ಲಿ ಕುಳಿತಿದ್ದಾರೆ, ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ನಾನು ಏನು ಮಾಡುತ್ತಿದ್ದೇನೆಂದು ಊರಿನಲ್ಲಿ ಕೇಳಿದವರಿಗೆ ಅವರು ನಾಲ್ಕು ತಿಂಗಳು "ಅಲ್ಲೇ ಯಾವುದೋ ಕಂಪನಿಯಾಗ ಅದಾನ" ಎನ್ನುತ್ತಿದ್ದರು. ದಸರೆ ಮುಂದೆ ಬೆಳ್ತಂಗಡಿಗೆ ಬಂದು ಎಂಟು ದಿನ ಇದ್ದರು. ನಾನು ಲಂಗೋಟಿ ಒಗೆಯುವಾಗ ಎದ್ದು ಜಗಲಿಗೆ ಹೋಗುತ್ತಿದ್ದರು. ಅವರ ಸೊಸೆ ಸಂಜೆ ಆರೂವರೆಗೆ ಬಂದು ಬ್ಯಾಗ್ ಇಟ್ಟರೆ, "ನಮ್ಮ ಹುಡುಗನ ನೌಕರಿ ಹೋತು, ನಿನ್ನ ಪ್ರಮೋಷನ್ ಬಂತು" ಎಂದು ಒಂದು ದಿನ ಅಂದೂಬಿಟ್ಟರು. ಅವತ್ತು ರಾತ್ರಿ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಮನೆಯಾಕೆ ವರ್ಗಕ್ಕೆ ಅರ್ಜಿ ಹಾಕುವ ಮಾತೆತ್ತಿದರು. ಬೇಡವೆಂದೆ. ನಮ್ಮಿಬ್ಬರಿಗೂ ಜಗಳವಾಯಿತು.

ಎಂಟನೆಯ ದಿನ, ಬಸ್ಸಿಗೆ ಹೊರಡುವ ಹೊತ್ತಿನಲ್ಲಿ, ತಂದೆಯವರು ಅಡುಗೆಮನೆ ಬಾಗಿಲಿಗೆ ಬಂದು ನಿಂತರು. ಅವರು ಊರಿನಿಂದ ತಂದಿದ್ದ ಹಿಟ್ಟಿನಿಂದ ಸರಿ ಕಾಸುತ್ತಿದ್ದೆ. "ಕುದಿಯೋ ನೀರಾಗ ಹಿಟ್ಟು ಹಾಕಬ್ಯಾಡೋ, ಗಂಟು ಕಟ್ಟತೈತಿ. ಮೊದಲ ತಣ್ಣೀರಾಗ ಕಲಸಿಕೋ" ಎಂದರು. ನಿಮಗೆ ಹೇಗೆ ಗೊತ್ತು ಎಂದು ಕೇಳಿದೆ. ಮಾತಾಡಲಿಲ್ಲ. ಮತ್ತೆ ಕೇಳಿದಾಗ ಹೇಳಿದರು. ನನಗೆ ಎಂಟು ತಿಂಗಳಾಗಿದ್ದಾಗ ಅವ್ವಗೆ ವಿಷಮಶೀತ ಜ್ವರ ಬಂದು ನಲವತ್ತು ದಿನ ಮಲಗಿದ್ದರಂತೆ. ಹೊಲದ ಮನೆಯಲ್ಲಿ ಬೇರೆ ಹೆಂಗಸರು ಇರಲಿಲ್ಲ. ನನಗೆ ಉಣಿಸಿ, ತೊಳೆದು, ಕುಂಚಿಗಿ ಕಟ್ಟಿ, ಎದೆಯ ಮೇಲೆ ಮಲಗಿಸಿಕೊಂಡವರು ಇವರೇ. ಯಾರಾದರೂ ಬಂದರೆ ಕೂಸನ್ನು ತೊಟ್ಟಿಲಿಗೆ ಹಾಕಿ ಹೊರಗೆ ಬರುತ್ತಿದ್ದರಂತೆ. 33 ವರ್ಷ ನಮ್ಮ ಮನೆಯಲ್ಲಿ ಈ ಮಾತನ್ನು ಯಾರೂ ಆಡಿರಲಿಲ್ಲ. ಅವ್ವನೂ ಆಡಿರಲಿಲ್ಲ, ಗಂಡನ ಮರ್ಯಾದೆ ಹೋದೀತೆಂದು.

ಇಲ್ಲಿ ಕುಳಿತ ಹಿರಿಯರಲ್ಲಿ ಇಂಥ ನಲವತ್ತು ದಿನ ಎಷ್ಟು ಜನರ ಹೊಟ್ಟೆಯಲ್ಲಿ ಇದೆಯೋ. ಕಳವು ಮಾಡಿದ ಹಾಗೆ ಯಾಕೆ ಮುಚ್ಚಿಟ್ಟಿರಿ? ನೀವು ಹೇಳಿದ್ದರೆ ನಮಗೆ ಕಲಿಯುವುದು ಸುಲಭವಾಗುತ್ತಿತ್ತು.

ಪೂಜ್ಯರಲ್ಲಿ ಒಂದೆರಡು ಬಿನ್ನಹ. ಮಠದಲ್ಲಿ ಶಿಶುಪಾಲನೆಯ ಉಪನ್ಯಾಸ ಅಕ್ಕನ ಬಳಗದಲ್ಲಿ ಮಾತ್ರ ನಡೆಯುತ್ತದೆ. ಅದಕ್ಕೆ ಗಂಡಸರನ್ನೂ ಕರೆಯಬೇಕು. ಮದುವೆಗೆ ಕೂತ ಹುಡುಗರಿಗೆ ಒಂದು ದಿನವಾದರೂ ಕೂಸಿಗೆ ಎಣ್ಣೆ ತಿಕ್ಕಿ ಎರೆಯುವುದನ್ನು ಕಲಿಸಬೇಕು. ಕಲ್ಯಾಣ ಮಂಟಪದ ಗಂಡಸರ ಬಚ್ಚಲಿನಲ್ಲಿ ಕೂಸನ್ನು ಮಲಗಿಸಿ ಬಟ್ಟೆ ಬದಲಿಸಲು ಒಂದು ಕಲ್ಲುಹಾಸು ಬೇಕು. ಇವತ್ತು ನಾನು ದಾಸೋಹದ ಮನೆಯ ಹಿಂದೆ ಅಕ್ಕಿ ಚೀಲದ ಮೇಲೆ ಬದಲಿಸಿ ಬಂದೆ.

ಬರುವ ಶ್ರಾವಣದ ಪ್ರವಚನಕ್ಕೆ ಗಂಡಸರು ಕೂರುವ ಕಡೆ ಎರಡು ತೊಟ್ಟಿಲು ಕಟ್ಟಲು ಅಪ್ಪಣೆ ಆಗಬೇಕು. ಮೇಲೆ ತೊಲೆ ಗಟ್ಟಿ ಇದೆ, ಆಗಲೇ ನೋಡಿದ್ದೇನೆ. ಹಗ್ಗ ನಾನು ತರುತ್ತೇನೆ.