ಹೇಳಬಂದವರು ಕಲಿತ ಭಾಷೆ

(ಶಾಲೆಯ ಶತಮಾನೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನೂರು ವರ್ಷ ತುಂಬಿದ ಕನ್ನಡ ಶಾಲೆಯ ಉತ್ಸವದಲ್ಲಿ ಕ್ರೈಸ್ತ ಮಿಶನರಿಗಳ ವಿಚಾರ ಏಕೆ ಎಂದು ಆಮಂತ್ರಣ ಪತ್ರಿಕೆಯನ್ನು ನೋಡಿದ ಕೆಲವರು ನಮ್ಮನ್ನು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಈ ಶಾಲೆಯನ್ನು ಕಟ್ಟಿದವರು ಮಿಶನಿನವರಲ್ಲ, ಊರಿನ ಗೃಹಸ್ಥರು. ಸ್ಥಳ ಕೊಟ್ಟವರೂ ಅವರೇ, ಮುಳಿಹುಲ್ಲು ಹೊತ್ತು ತಂದು ಮಾಡು ಹೊದಿಸಿದವರೂ ಅವರೇ. ಆದರೆ ನಮ್ಮ ಗ್ರಂಥಭಂಡಾರದ ಕಪಾಟಿನಲ್ಲಿ, ಎಲ್ಲಕ್ಕಿಂತ ಕೆಳಗಿನ ಅರೆಯಲ್ಲಿ, ರಟ್ಟು ಕಳಚಿದ ಒಂದು ದಪ್ಪ ಪುಸ್ತಕವಿದೆ. ಹಳಗನ್ನಡ ಪದ್ಯದಲ್ಲಿ ಒಂದು ಪದ ತೊಡಕಾದಾಗ ನಮ್ಮ ಗುರುಗಳು ಆ ಪುಸ್ತಕವನ್ನು ಎರಡು ಕೈಗಳಲ್ಲಿ ಎತ್ತಿ ಮೇಜಿನ ಮೇಲಿಡುತ್ತಿದ್ದರು. ಅದು ಫರ್ಡಿನಾಂಡ್ ಕಿಟ್ಟೆಲರ ಕನ್ನಡ ನಿಘಂಟು. ತನ್ನ ಧರ್ಮವನ್ನು ನಮಗೆ ತಿಳಿಸಲೆಂದು ಜರ್ಮನಿಯಿಂದ ಬಂದ ಪಾದ್ರಿ ನಮ್ಮ ಗುರುಗಳಿಗೆ ಕನ್ನಡದ ಅರ್ಥ ಹೇಳಿಕೊಡುತ್ತಿದ್ದ ಈ ವಿಚಿತ್ರವನ್ನು ನಾವು ಬಾಲ್ಯದಲ್ಲಿ ವಿಚಿತ್ರವೆಂದು ಗಣಿಸಿರಲಿಲ್ಲ. ಇಂದು ಗಣಿಸಬೇಕೆನಿಸಿದೆ.

ಹೊರಗಿನಿಂದ ಬಂದ ನಂಬಿಕೆಗಳು ನಮ್ಮ ನೆಲಕ್ಕೆ ಹೊಸತಲ್ಲ. ಬಂಗ್ರಮಂಜೇಶ್ವರದಲ್ಲಿ ಬಸದಿಯಿದೆ, ತಳಂಗರೆಯಲ್ಲಿ ಮಾಲಿಕ್ ದೀನಾರ್ ಮಸೀದಿಯಿದೆ, ಬೇಳದಲ್ಲಿ 1890ರ ಇಗರ್ಜಿಯಿದೆ. ಬೇಳದ ಕೊಂಕಣಿ ಕ್ರೈಸ್ತರ ಹಿರಿಯರು ತಮ್ಮ ಧರ್ಮವನ್ನು ತಮ್ಮೊಂದಿಗೇ ತಂದು ನೆಲಸಿದವರು. ಬಾಸೆಲ್ ಮಿಶನಿನವರ ಸಂಗತಿ ಬೇರೆ. ಅವರು ನೆಲಸಲು ಬಂದವರಲ್ಲ, ಹೇಳಲು ಬಂದವರು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಆ ಸಂಸ್ಥೆ ಕಳುಹಿಸಿದ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು 1834ರ ಅಕ್ಟೋಬರಿನಲ್ಲಿ ಕಲ್ಲಿಕೋಟೆಗೆ ಬಂದು, ಅಲ್ಲಿಂದ ಮಂಗಳೂರನ್ನು ಸೇರಿದರು. ಆಗ ಕಾಸರಗೋಡು ಕೆನರಾ ಜಿಲ್ಲೆಗೆ ಸೇರಿದ್ದುದರಿಂದ ಮಂಗಳೂರೇ ನಮ್ಮ ಜಿಲ್ಲಾ ಕೇಂದ್ರ. ಕೆಲವೇ ವರ್ಷಗಳಲ್ಲಿ ಅದೇ ಮಿಶನಿನ ಹರ್ಮನ್ ಗುಂಡರ್ಟ್ ತಲಶ್ಶೇರಿಯಲ್ಲಿ ನಿಂತು ಮಲಯಾಳಕ್ಕೆ ದುಡಿಯತೊಡಗಿದರು. ಬಡಗಲಲ್ಲಿ ಕನ್ನಡ ಮತ್ತು ತುಳು, ತೆಂಕಲಲ್ಲಿ ಮಲಯಾಳ. ಒಂದೇ ಮಿಶನಿನ ಎರಡು ಭಾಷಾಕ್ಷೇತ್ರಗಳ ನಡುವಣ ನೆಲ ನಮ್ಮದು.

ಹೇಳಬಂದವರಿಗೆ ಮೊದಲ ದಿನವೇ ಎದುರಾದ ತೊಡಕು ಭಾಷೆಯದು. ಬೋಧಿಸಬೇಕಾದರೆ ಮೊದಲು ಕೇಳಬೇಕು. ಮುನ್ಶಿಗಳ ಮುಂದೆ, ಪಂಡಿತರ ಮುಂದೆ ಅವರು ವಿದ್ಯಾರ್ಥಿಗಳಾಗಿ ಕುಳಿತರು. ಆ ಪಂಡಿತರಲ್ಲಿ ಹೆಚ್ಚಿನವರ ಹೆಸರು ಯಾವ ಮುಖಪುಟದ ಮೇಲೂ ಬರಲಿಲ್ಲ. ಈ ಮಾತನ್ನು ನಾವು ಸ್ವಲ್ಪ ಅಸಮಾಧಾನದಿಂದಲೇ ಆಡುತ್ತಿದ್ದೇವೆ. 1836ರಲ್ಲಿ ಬಂದ ಹರ್ಮನ್ ಮೊಗ್ಲಿಂಗರು 1843ರ ಜುಲೈ ಒಂದರಂದು ‘ಮಂಗಳೂರ ಸಮಾಚಾರ’ವನ್ನು ಹೊರತಂದರು, ಕನ್ನಡದ ಮೊದಲ ಪತ್ರಿಕೆಯೆಂದು ನಾವು ಮಕ್ಕಳಿಗೆ ಕಲಿಸುವುದು ಅದನ್ನೇ. ಮುಂದೆ ‘ಬಿಬ್ಲಿಯೊಥೆಕಾ ಕರ್ನಾಟಕ’ ಎಂಬ ಮಾಲೆಯಲ್ಲಿ ಅವರು ಬಸವಪುರಾಣವನ್ನೂ ಜೈಮಿನಿ ಭಾರತವನ್ನೂ ದಾಸರ ಪದಗಳನ್ನೂ ಅಚ್ಚುಹಾಕಿಸಿದರು. ಕ್ರಿಸ್ತನನ್ನು ಸಾರಲು ಬಂದವನು ಹರಿದಾಸರ ಪದಗಳನ್ನು ಸಂಗ್ರಹಿಸಿದ್ದೇಕೆ? ಜನರ ಮನಸ್ಸನ್ನು ತಿಳಿಯುವುದಕ್ಕೆ ಎಂಬುದು ಒಂದು ಉತ್ತರ. ತಿಳಿದು ಗೆಲ್ಲುವುದಕ್ಕೆ ಎಂದು ಸಂಶಯಿಸುವವರೂ ಉಂಟು. ಎರಡರಲ್ಲಿಯೂ ಸತ್ಯಾಂಶವಿದೆ. ಆದರೆ ಬರಿಯ ಗೆಲ್ಲುವ ಹಂಬಲದಿಂದ ಯಾರೂ ಓಲೆಗರಿಗಳ ಪಾಠವನ್ನು ತಿದ್ದುತ್ತ ವರ್ಷಗಟ್ಟಲೆ ಕೂರಲಾರರು.

ಪರಭಾಷೆಯಲ್ಲಿ ಧರ್ಮವನ್ನು ಹೇಳುವುದು ಪದಗಳನ್ನು ಆರಿಸಿಕೊಳ್ಳುವ ಕೆಲಸ, ಮತ್ತು ಆರಿಸಿಕೊಂಡ ಪದ ಬರಿಗೈಯಲ್ಲಿ ಬರುವುದಿಲ್ಲ. ಕನ್ನಡ ಬೈಬಲ್ ‘ಸತ್ಯವೇದ’ವೆನಿಸಿಕೊಂಡಿತು. ಕ್ರೈಸ್ತ ಸಮುದಾಯಕ್ಕೆ ಸೇರುವ ಸಂಸ್ಕಾರಕ್ಕೆ ‘ದೀಕ್ಷಾಸ್ನಾನ’ ಎಂಬ ಹೆಸರಾಯಿತು. ದೀಕ್ಷೆಯೆಂದೊಡನೆ ಕನ್ನಡಿಗನ ಕಿವಿಗೆ ಯಜ್ಞದ ದೀಕ್ಷಿತನೂ ಶಿವದೀಕ್ಷೆಯೂ ಕೇಳಿಸುತ್ತವೆ. ಸ್ನಾನವೆಂದೊಡನೆ ತೀರ್ಥವೂ ಮಡಿಯೂ ನೆನಪಾಗುತ್ತವೆ. ಅನುವಾದಕರು ಕನ್ನಡದ ಪದವನ್ನು ತಮ್ಮ ಅರ್ಥಕ್ಕೆ ಬಗ್ಗಿಸಿದರು. ಕನ್ನಡವೂ ಅವರ ಅರ್ಥವನ್ನು ಅಷ್ಟಿಷ್ಟು ತನ್ನ ಕಡೆಗೆ ಬಗ್ಗಿಸಿತು. ಕಿಟ್ಟೆಲರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿಗೆ ಹೊಂದಿಸಿ, ಗಮಕಿಗಳು ಓದುವಂತೆ ಪದ್ಯವಾಗಿಸಿದರು. ‘ಯಜ್ಞಸುಧಾನಿಧಿ’ಯಲ್ಲಿ ವೈದಿಕ ಯಜ್ಞದ ಕಲ್ಪನೆಯನ್ನು ಹಿಡಿದು ಕ್ರಿಸ್ತನ ಬಲಿದಾನವನ್ನು ವಿವರಿಸಲು ಹೊರಟರು. ಅದನ್ನು ಎಷ್ಟು ಮಂದಿ ಒಪ್ಪಿದರೆಂಬುದು ಬೇರೆ ಮಾತು. ಕೇಳುವವನ ಶಾಸ್ತ್ರವನ್ನು ಓದದೆ ಅವನೊಡನೆ ಧರ್ಮದ ಮಾತೆತ್ತಬಾರದೆಂದು ಅವರು ತಿಳಿದಿದ್ದರು.

ಎಲ್ಲರೂ ಹಾಗೆ ತಿಳಿದಿರಲಿಲ್ಲ. ತುಳುವಿನ ಸಂಗತಿಯಲ್ಲಿ ಇದು ಸ್ಪಷ್ಟವಾಗುತ್ತದೆ, ಮತ್ತು ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಎಂದು ಬೆಳೆದ ನಮಗೆ ಇದು ಹತ್ತಿರದ ಮಾತು. ಜನಸಾಮಾನ್ಯರು ತುಳುವರೆಂಬುದನ್ನು ಕಂಡುಕೊಂಡ ಮಿಶನ್ 1840ರ ದಶಕದಲ್ಲಿಯೇ ತುಳುವಿನಲ್ಲಿ ಸುವಾರ್ತೆಯನ್ನು ಅಚ್ಚುಹಾಕಿತು. ಅಚ್ಚಿಗೆ ಬಳಸಿದ್ದು ಕನ್ನಡ ಲಿಪಿಯನ್ನು. ಆ ರೂಢಿಯೇ ನಿಂತು, ಇಂದಿಗೂ ನಾವು ತುಳುವನ್ನು ಬರೆಯುವುದು ಹಾಗೆಯೇ. 1872ರಲ್ಲಿ ಬ್ರಿಗೆಲರ ತುಳು ವ್ಯಾಕರಣ, 1886ರಲ್ಲಿ ಮ್ಯಾನರರ ತುಳು ನಿಘಂಟು ಬಂದವು. ಆದರೆ ತುಳುವರ ಮನಸ್ಸಿನ ಒಳಮನೆ ಭೂತಾರಾಧನೆ. ಚಂದ್ರಗಿರಿ ಹೊಳೆಯ ತೆಂಕಲಿನ ತೆಯ್ಯವೂ ಬಡಗಲಿನ ಭೂತವೂ ಅಣ್ಣತಮ್ಮಂದಿರ ಹಾಗೆ. ಪಂಜುರ್ಲಿಯೋ ಜುಮಾದಿಯೋ ನಮಗೆ ಅಭಯ ಕೊಡುವ ಶಕ್ತಿ, ತಪ್ಪಿದವನನ್ನು ನಿಲ್ಲಿಸಿ ಕೇಳುವ ನ್ಯಾಯಸ್ಥಾನ. ಮಿಶನಿನವರಿಗೆ ಅದು ಪಿಶಾಚಿಯಾಗಿ ಕಂಡಿತು. ಸಿವಿಲ್ ಅಧಿಕಾರಿಯಾಗಿದ್ದ ಬರ್ನೆಲ್ ಎಂಬ ವಿದ್ವಾಂಸರು ಸಂಗ್ರಹಿಸಿದ್ದ ಪಾಡ್ದನಗಳ ಇಂಗ್ಲಿಷ್ ಅನುವಾದ ಅವರ ಮರಣಾನಂತರ, 1894ರಿಂದ, ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಬೆಳಕು ಕಂಡಾಗ ಅದಕ್ಕಿದ್ದ ಹೆಸರು ‘ತುಳುವರ ಡೆವಿಲ್ ವರ್ಶಿಪ್’. ಒಂದು ಜನಾಂಗದ ಭಕ್ತಿಯನ್ನೆಲ್ಲ ಆ ಒಂದು ಪದ ಸೈತಾನನ ಸೇವೆಯಾಗಿ ಮಾಡಿಬಿಟ್ಟಿತು. ನಮ್ಮ ಹಿರಿಯರಿಗೆ ಇಂಗ್ಲಿಷ್ ಬಾರದೆ ಇದ್ದುದರಿಂದ ನೋವೂ ಆಗಲಿಲ್ಲ. ಓದು ಬಲ್ಲ ನಮಗೆ ಆಗುತ್ತದೆ.

ಆದರೂ ಅಚ್ಚರಿಯ ಮಾತೊಂದಿದೆ. ಭೂತಾರಾಧನೆಯನ್ನು ತೊಡೆದುಹಾಕಬೇಕೆಂದಿದ್ದ ಆ ಮಿಶನಿನ ಮುದ್ರಣಾಲಯದಲ್ಲಿಯೇ 1886ರಲ್ಲಿ ಮ್ಯಾನರರು ಸಂಪಾದಿಸಿದ ತುಳು ಪಾಡ್ದನಗಳ ಪುಸ್ತಕ ಅಚ್ಚಾಯಿತು. ಕೋಲದ ರಾತ್ರಿ ತೆಂಬರೆಯ ಸದ್ದಿನ ನಡುವೆ ಕೇಳುತ್ತಿದ್ದ ಸೊಲ್ಲುಗಳು ಮೊದಲಬಾರಿಗೆ ಕಾಗದದ ಮೇಲೆ ನಿಂತವು. ನಿಂದಿಸಲು ಬಂದ ಕಿವಿ ಕೇಳುತ್ತ ಕೇಳುತ್ತ ಬರೆದುಕೊಂಡಿತು. ಇಂದು ಜಾನಪದದ ಅಧ್ಯಯನ ಮಾಡುವವರು ಆ ಪುಸ್ತಕದಿಂದಲೇ ತೊಡಗುತ್ತಾರೆ.

ಇಷ್ಟನ್ನೇ ಹೇಳಿ ಮುಂದೆ ಹೋದರೆ ನಾವು ಅರ್ಧ ಕಥೆಯನ್ನಷ್ಟೇ ಹೇಳಿದಂತೆ. ಧರ್ಮವನ್ನು ಬದಲಿಸಿದವರ ಮನೆಗಳಲ್ಲಿ ಆದದ್ದೇನು? 1844ರಲ್ಲಿ ಮಂಗಳೂರಿನ ಬ್ರಾಹ್ಮಣ ಕುಲದ ಆನಂದರಾವ್ ಕೌಂಡಿನ್ಯ ಎಂಬ ತರುಣ ಮೊಗ್ಲಿಂಗರ ಕೈಯಿಂದ ದೀಕ್ಷಾಸ್ನಾನ ಪಡೆದಾಗ ಊರಲ್ಲಿ ದೊಡ್ಡ ಗದ್ದಲವೆದ್ದಿತು. ಮುಂದೆ ಅವರು ಬಾಸೆಲಿಗೆ ಹೋಗಿ ಕಲಿತು, ಆ ಮಿಶನಿನ ಪಾದ್ರಿಯಾಗಿ ಮರಳಿದರು. ಆ ತರುಣನ ಧೈರ್ಯವನ್ನು ಮಿಶನಿನ ಬರಹಗಳು ಕೊಂಡಾಡುತ್ತವೆ. ಅಂಗಳದಲ್ಲಿ ನಿಂತು ಅತ್ತ ತಾಯಂದಿರ ಕಥೆಯನ್ನು ಬರೆದವರಿಲ್ಲ. ಮತಾಂತರ ಹೊಂದಿದವರಲ್ಲಿ ಹೆಚ್ಚಿನವರು ಬಿಲ್ಲವರು. ಅವರ ಕಷ್ಟ ಮತ್ತೊಂದು ಬಗೆಯದು. ಅಳಿಯಕಟ್ಟಿನ ಕುಟುಂಬದಲ್ಲಿದ್ದ ಪಾಲು ಹೋಯಿತು. ಮೂರ್ತೆಗಾರಿಕೆಯನ್ನು ಮಿಶನ್ ಒಪ್ಪದ ಕಾರಣ ಕುಲಕಸುಬೂ ಹೋಯಿತು. ಹೊಟ್ಟೆಪಾಡಿಗೆ ದಾರಿ ತೋರಿಸುವುದು ಮಿಶನಿಗೇ ಅನಿವಾರ್ಯವಾಯಿತು. ನೇಯ್ಗೆಯ ಮಗ್ಗಗಳು ಬಂದದ್ದು ಹಾಗೆ. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ತೊಡಗಿಸಿದ ಹೆಂಚಿನ ಕಾರ್ಖಾನೆ ಬೆಳೆದದ್ದೂ ಹಾಗೆ. ನಮ್ಮ ಶಾಲೆಯ ಮುಳಿಮಾಡು ಮುಂದೆ ಹೆಂಚಿನ ಮಾಡಾಯಿತಷ್ಟೆ. ಆ ಬಗೆಯ ಮಂಗಳೂರು ಹೆಂಚಿನ ಹಿಂದೆ ಮನೆ ಬಿಟ್ಟವರ, ಮನೆಯಿಂದ ಹೊರಬಿದ್ದವರ ದುಡಿಮೆಯಿದೆ. ಅದೇ ಮತಾಂತರದಿಂದ ಅಕ್ಷರವನ್ನೂ ತಲೆಯೆತ್ತಿ ನಡೆಯುವ ಧೈರ್ಯವನ್ನೂ ಪಡೆದವರಿದ್ದಾರೆಂಬುದನ್ನು ಮರೆತು ಮಾತಾಡುವುದೂ ನ್ಯಾಯವಲ್ಲ. ಜಾತಿಯ ಕೆಳಮೆಟ್ಟಿಲಲ್ಲಿ ನಿಂತವನಿಗೆ ಬಾಗಿಲು ತೆರೆದವರು ಯಾರೆಂಬುದನ್ನು ಮೇಲಿನ ಮೆಟ್ಟಿಲಲ್ಲಿದ್ದವರು ಅಳೆಯಲಾಗದು.

ಕಿಟ್ಟೆಲರ ಕಡೆಗೆ ಮರಳೋಣ. ಅವರು 1853ರಲ್ಲಿ ಬಂದವರು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ, ನಾಗವರ್ಮನ ‘ಛಂದೋಂಬುಧಿ’ಯನ್ನು 1875ರಲ್ಲಿ ಸಂಪಾದಿಸಿದರು. ಧರ್ಮಪ್ರಚಾರಕ್ಕೆ ಬಂದವನಿಗೆ ಇಷ್ಟು ಪಾಂಡಿತ್ಯವೇಕೆ ಎಂಬ ಅಸಮಾಧಾನ ಅವರ ಸಹೋದ್ಯೋಗಿಗಳಲ್ಲಿಯೇ ಇತ್ತು. ದಶಕಗಳ ದುಡಿಮೆಯ ಕೊನೆಗೆ, 1894ರಲ್ಲಿ, 1,700 ಪುಟಗಳಿಗೂ ಮಿಕ್ಕಿದ, ಸುಮಾರು 70,000 ಪದಗಳ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ತುಳುವರ ಭಕ್ತಿಗೆ ಡೆವಿಲ್ ಎಂಬ ಹೆಸರು ಅಚ್ಚಾದದ್ದೂ ಅದೇ ವರ್ಷ ಎಂಬುದನ್ನು ಇಲ್ಲಿ ನೆನೆಯಬಹುದು. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಆ ನಿಘಂಟನ್ನು ಮದರಾಸು ವಿಶ್ವವಿದ್ಯಾನಿಲಯ ಮತ್ತೆ ಪ್ರಕಟಿಸಿತು. ಕಿಟ್ಟೆಲರಿಂದ ಎಷ್ಟು ಮಂದಿ ಕ್ರೈಸ್ತರಾದರೆಂದು ಇಂದು ಕೇಳುವವರಿಲ್ಲ. ಅವರ ನಿಘಂಟನ್ನು ತೆರೆಯದ ಕನ್ನಡ ವಿದ್ವಾಂಸರೂ ಇಲ್ಲ.

ಹೇಳಿದ ಮಾತು ಏನಾಯಿತು, ಅದು ಯಾರ ಎದೆಯನ್ನೂ ಮುಟ್ಟಲಿಲ್ಲವೇ ಎಂದರೆ, ಉತ್ತರಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಮಂಜೇಶ್ವರದ ಗೋವಿಂದ ಪೈಗಳು 1930ರ ದಶಕದಲ್ಲಿ ‘ಗೊಲ್ಗೊಥಾ ಅಥವಾ ಯೇಸುವಿನ ಕಡೆಯ ದಿನ’ ಎಂಬ ಖಂಡಕಾವ್ಯವನ್ನು ಕೊಟ್ಟರು. ಅವರು ಗೌಡ ಸಾರಸ್ವತ ಕುಲದವರು. ಕುಲವನ್ನಾಗಲಿ ಮತವನ್ನಾಗಲಿ ಬಿಟ್ಟವರಲ್ಲ. ಯಾವ ಪಾದ್ರಿಯೂ ಅವರಿಂದ ಅದನ್ನು ಬರೆಸಲಿಲ್ಲ. ಶಿಲುಬೆಯ ನೋವನ್ನು ಅವರು ಹಳಗನ್ನಡದ ಗಾಂಭೀರ್ಯವುಳ್ಳ ಭಾಷೆಯಲ್ಲಿ, ಪ್ರಾಸವನ್ನು ತೊರೆದ ರಗಳೆಯಲ್ಲಿ ಹಾಡಿದರು. ಮುಂದೆ ಬುದ್ಧನ ಕಡೆಯ ದಿನವನ್ನು ‘ವೈಶಾಖಿ’ಯಲ್ಲಿ ಹಾಡಿದರು. ಅವರ ಕಾವ್ಯದಲ್ಲಿ ಯೇಸುವೂ ಬುದ್ಧನೂ ಒಬ್ಬರನ್ನೊಬ್ಬರು ತಳ್ಳದೆ ಅಕ್ಕಪಕ್ಕದಲ್ಲಿ ನಿಲ್ಲುತ್ತಾರೆ. ನೂರು ವರ್ಷ ಬೋಧಿಸಿದ ಮಿಶನ್ ಕನ್ನಡದ ಕ್ರಿಸ್ತನನ್ನು ಇಷ್ಟು ದೊಡ್ಡದಾಗಿ ಬರೆಯಲಿಲ್ಲ. ತನ್ನ ಮನೆಯಲ್ಲಿ ಕುಳಿತು, ತಾನಾಗಿ ಓದಿ, ತನ್ನ ಇಚ್ಛೆಯಿಂದ ಸ್ವೀಕರಿಸಿದ ಮಂಜೇಶ್ವರದ ಕವಿ ಬರೆದರು. ಕೊಡುವವನ ಹಕ್ಕು ಎಲ್ಲಿಯವರೆಗೆ, ಪಡೆಯುವವನ ಸ್ವಾತಂತ್ರ್ಯ ಎಲ್ಲಿಂದ ಎಂಬ ಪ್ರಶ್ನೆಗೆ ನಮಗೆ ಸಿಕ್ಕಿರುವ ಒಳ್ಳೆಯ ಉತ್ತರ ಈ ಕಾವ್ಯ.

ಈ ಹಳೆಯ ಕಥೆಯನ್ನು ಇಂದು ಎತ್ತಿದ್ದಕ್ಕೆ ಇನ್ನೊಂದು ಕಾರಣವಿದೆ. 1956ರ ನವೆಂಬರ್ ಒಂದರಿಂದ ನಾವು ಕೇರಳದವರು. ಗಡಿನಾಡಿನ ಕನ್ನಡ ತರಗತಿಗಳಿಗೆ ಕನ್ನಡ ಬಾರದ ಅಧ್ಯಾಪಕರು ನೇಮಕವಾಗಿ ಬಂದದ್ದನ್ನು ನಾವು ಕಂಡಿದ್ದೇವೆ. ಗಣಿತದ ಪಾಠ ಅರ್ಥವಾಗದೆ ಮಕ್ಕಳು ಸುಮ್ಮನೆ ಕುಳಿತದ್ದನ್ನೂ, ಹೆತ್ತವರು ಬೀದಿಗಿಳಿದದ್ದನ್ನೂ ಕಂಡಿದ್ದೇವೆ. ಬಂದ ಅಧ್ಯಾಪಕರ ಮೇಲೆ ನಮಗೆ ಸಿಟ್ಟಿಲ್ಲ. ಅವರೂ ಉದ್ಯೋಗಕ್ಕಾಗಿ ಊರು ಬಿಟ್ಟು ಬಂದವರು. ಆದರೆ ಮಗುವಿಗೆ ಪಾಠ ಹೇಳಬರುವವನು ಮಗುವಿನ ಭಾಷೆಯನ್ನು ಕಲಿತಿರಬೇಕೆಂಬ ನಿಯಮವನ್ನು, ಸಮುದ್ರ ದಾಟಿ ಬಂದ ಪಾದ್ರಿಗಳು ತಾವಾಗಿಯೇ ಹಾಕಿಕೊಂಡಿದ್ದರು. ಪಕ್ಕದ ತಾಲೂಕಿನಿಂದ ಬರುವವರಿಗೆ ಅದು ಭಾರವಾಗಬಾರದು. ಜೊತೆಗೆ ನಮ್ಮನ್ನೂ ಕೇಳಿಕೊಳ್ಳಬೇಕು: ನೆರೆಮನೆಯ ಮಲಯಾಳವನ್ನು ನಾವು ಬರಿಯ ಕಚೇರಿಯ ಅರ್ಜಿಗಾಗಿ ಕಲಿತೆವೋ, ಅವರ ಕವಿಗಳನ್ನು ಓದುವಷ್ಟು ಕಲಿತೆವೋ?

ಶತಮಾನೋತ್ಸವದ ಸಮಿತಿಯವರಲ್ಲಿ ಒಂದು ಬಿನ್ನಹ. ಕಮಾನು, ಫಲಕಗಳ ಖರ್ಚು ಮುಗಿದ ಮೇಲೆ ಅಲ್ಪಸ್ವಲ್ಪ ಹಣ ಉಳಿದರೆ, ಆ ಕೆಳಗಿನ ಅರೆಯ ನಿಘಂಟಿಗೆ ಹೊಸ ರಟ್ಟು ಕಟ್ಟಿಸಿ. ಕಟ್ಟಿಸಿ ಬೀಗ ಹಾಕಬೇಡಿ, ಮಕ್ಕಳ ಕೈಗೆ ಎಟುಕುವ ಮೇಜಿನ ಮೇಲಿಡಿ. ಅದರಲ್ಲಿ ಕನ್ನಡ ಪದಗಳ ಬದಿಯಲ್ಲಿ ಅವುಗಳ ತುಳು, ಮಲಯಾಳ, ತಮಿಳು, ತೆಲುಗು ಬಂಧುಗಳನ್ನೂ ಕಿಟ್ಟೆಲರು ಕೂಡಿಸಿ ಇಟ್ಟಿದ್ದಾರೆ. ಮನೆಯಲ್ಲಿ ತುಳುವನ್ನೋ ಮಲಯಾಳವನ್ನೋ ಆಡಿ ಕನ್ನಡ ಶಾಲೆಗೆ ಬರುವ ನಮ್ಮ ಮಗುವೊಂದು ತನ್ನ ಅಮ್ಮನ ಮಾತನ್ನು ಆ ಪುಟದಲ್ಲಿ ಕಾಣಲಿ.